ಮುಚ್ಚಳದ ಒಳಗಿನ ಸಹಿ

ಮನೆ ಹಿಂದಿನ ಶೆಡ್ಡು,
ಜೂನ್ ೧೧, ಬುಧವಾರ, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಪತ್ರ ಹೀಗೇ ಶುರುವಾಗಬೇಕೆಂದು ಹಾಸ್ಟೆಲ್ಲಿನಲ್ಲಿ ಕಲಿಸಿದ್ದಾರೆ, ಅದಕ್ಕೆ ಬರೆದೆ. 'ಪ್ರೀತಿಯ' ಎನ್ನುವುದನ್ನು ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ. ಆರೋಗ್ಯವಾಗಿದ್ದೀಯಾ? ಟೈಲ್ಸ್ ಅಂಗಡಿಯಲ್ಲಿ ದಿನವಿಡೀ ನಿಂತು ಬೆನ್ನು ನೋಯುತ್ತಿದೆ ಎಂದು ಅಮ್ಮನಿಗೆ ಹೇಳಿದೆಯಂತೆ. ಅಮ್ಮ ಎರಡು ದಿನ ಅದನ್ನೇ ಹೇಳಿಕೊಂಡು ಓಡಾಡಿದಳು. ಬೆನ್ನು ನೇರ ಮಾಡಿ ನಿಲ್ಲುವುದು ನಿನಗೆ ಮೊದಲಿಂದಲೂ ಕಷ್ಟವೇ. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನಿಗೆ ಸ್ವಲ್ಪ ಕೆಮ್ಮು. ನನ್ನದು ಗೊತ್ತಲ್ಲ, ನಿದ್ದೆ ಕಡಿಮೆ, ಗ್ಯಾಸ್ ಆಫ್ ಆಗಿದೆಯಾ ಎಂದು ಮೂರು ಸಲ ಎದ್ದು ನೋಡುವುದು ಜಾಸ್ತಿ. ಫೋನ್ ಯಾಕೆ ಮಾಡಲಿಲ್ಲ ಎಂದರೆ, ನೀನು "ಆಮೇಲೆ ಮಾಡ್ತೀನಿ ಕಣೇ" ಎಂದು ಇಟ್ಟುಬಿಡುತ್ತೀಯ. ಪತ್ರವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ.

ಅಪ್ಪನ ಹಳೇ ಕಲ್ಲು ಕೊಯ್ಯುವ ಮಿಷನ್ ಗುಜರಿಗೆ ಹಾಕಿ, ಆ ಜಾಗದಲ್ಲಿ ನನ್ನ ಬೈಕ್ ನಿಲ್ಲಿಸ್ತೀನಿ ಎಂದು ಹೋದ ತಿಂಗಳು ಹೇಳಿದೆಯಲ್ಲ, ಹಾಕಿಲ್ಲ. ರಿಪೇರಿ ಮಾಡುತ್ತಿದ್ದೇನೆ. ನಗಬೇಡ. ಕಾಲೇಜಿನ ವರ್ಕ್‌ಶಾಪಿನಲ್ಲಿ ಎಲ್ಲರೂ ಲೇತ್ ಮುಂದೆ ಕ್ಯೂ ನಿಂತರೆ ನಾನು ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿರುತ್ತೇನೆ. ಕಡೆಗೆ ಮೇಷ್ಟ್ರೇ ಕರೆದು, "ಏನಮ್ಮಾ, ಮಿಷನ್ ಮುಟ್ಟದೆ ಇಂಜಿನಿಯರ್ ಆಗೋಕೆ ಹೊರಟಿದ್ದೀಯಾ? ರಜೆಯಲ್ಲಿ ಯಾವುದಾದ್ರೂ ಒಂದು ಸತ್ತ ಮಿಷನ್ ಓಡಿಸಿ ರಿಪೋರ್ಟ್ ಬರ್ಕೊಂಡು ಬಾ, ಇಲ್ಲಾಂದ್ರೆ ಮುಂದಿನ ವರ್ಷ ಇದೇ ಗೋಡೆಗೆ ಒರಗು" ಅಂದರು. ಸರ್, ಈ ಕೈ ನಮ್ಮಪ್ಪನ ಎರಡು ಬೆರಳು ತಿಂದಿದೆ ಎಂದು ಅವರಿಗೆ ಹೇಗೆ ಹೇಳಲಿ? ಆ ವಾಕ್ಯ ನನಗೆ ಎಂಟನೇ ವಯಸ್ಸಿನಿಂದಲೇ ಬಾಯಿಪಾಠ. ಕಲಿಸಿದವನು ನೀನು.

ನಿನಗೆ ಎಲ್ಲ ನೆನಪಿದೆ ಎಂದು ಗೊತ್ತು. ಆದರೂ ಸಾಲಾಗಿ ಬರೆಯುತ್ತೇನೆ, ಯಾವುದು ತಪ್ಪೋ ನೀನೇ ತಿದ್ದು. ಆಗ ನಿನಗೆ ಹದಿನೇಳು, ನನಗೆ ಎಂಟು. ಕಲ್ಲನ್ನು ಬಿಗಿಯಾಗಿ ಹಿಡಿಯುವ ಆ ವೈಸಿನ ಹಿಡಿಯನ್ನು ಗಿರಗಿರ ತಿರುಗಿಸುವುದು ನನಗೆ ಆಟ. ಅದಕ್ಕೇ ನೀನು ನನಗೆ ಚಡಪಡಿ ಎಂದು ಹೆಸರಿಟ್ಟಿದ್ದು. ಆ ದಿನ ಮಿಷನ್ ನಡುವೆಯೇ ಕಚ್ಚಿಕೊಂಡು ನಿಂತಿತು. ಮೋಟಾರು ತಿರುಗುತ್ತಿದೆ, ಬೆಲ್ಟು ಜಾರುತ್ತಿದೆ. ಅಪ್ಪ ಸ್ವಿಚ್ ಆರಿಸದೆ ಬೆಲ್ಟಿಗೆ ಕೈ ಹಾಕಿದರು. ಅಮ್ಮ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಶೆಡ್ಡಿನಲ್ಲಿ ಉಳಿದದ್ದು ನೀನು. ಸಂಜೆ ಅಮ್ಮ ಬಂದಾಗ ನೀನು ಹೇಳಿದೆ: "ಇವಳು ವೈಸ್ ಸಡಿಲ ಮಾಡಿದ್ಲು ಅಮ್ಮಾ, ಕಲ್ಲು ಅಲ್ಲಾಡಿ ಬ್ಲೇಡಿಗೆ ಸಿಕ್ಕಿಕೊಳ್ತು." ನಾನು ಇಲ್ಲ ಎನ್ನಲಿಲ್ಲ. ತಿರುಗಿಸಿರಬಹುದು ಅಂದುಕೊಂಡೆ. ದಿನವೂ ತಿರುಗಿಸುತ್ತಿದ್ದೆನಲ್ಲ. ಅಮ್ಮ, "ಈ ಕೈ ಮನೇಲಿದ್ರೆ ಇನ್ನೇನು ಕಾದಿದೆಯೋ" ಎಂದಳು. ಮುಂದಿನ ತಿಂಗಳೇ ನನ್ನ ಟ್ರಂಕು ಹಾಸ್ಟೆಲ್ಲಿನ ಮಂಚದ ಕೆಳಗೆ ಇತ್ತು. ಹತ್ತು ವರ್ಷ ಅಣ್ಣಾ. ಈಗಲೂ ನಾನು ಒಲೆಯ ಹತ್ತಿರ ಹೋದರೆ ಅಮ್ಮ, "ನೀನು ಮುಟ್ಟಬೇಡ, ನಾನೇ ಮಾಡ್ತೀನಿ" ಎನ್ನುತ್ತಾಳೆ. ಬೇಕೆಂದು ಚುಚ್ಚುವುದಿಲ್ಲ. ಅಭ್ಯಾಸವಾಗಿಹೋಗಿದೆ.

ಈಗ ಮಿಷನ್ ವಿಷಯಕ್ಕೆ ಬರುತ್ತೇನೆ. ಮುಚ್ಚಳಕ್ಕೆ ನೀನು ತಂತಿ ಸುತ್ತಿದ್ದೆಯಲ್ಲ, ಆರು ಸುತ್ತು, ಹೆಣ ಕಟ್ಟಿದ ಹಾಗೆ, ಅದನ್ನು ಕತ್ತರಿಸಲು ಒಂದು ಮಧ್ಯಾಹ್ನ ಹೋಯಿತು. ಒಳಗೆ ತಳದ ಎಣ್ಣೆಯೂ ಕಲ್ಲಿನ ಪುಡಿಯೂ ಸೇರಿ ಸಿಮೆಂಟಿನಂತೆ ಕೂತಿತ್ತು. ಹಳೇ ದೋಸೆ ಮಗುಚುವ ಕೈಯಲ್ಲಿ ಕೆರೆದು ನಾಲ್ಕು ಬಕೆಟ್ ತೆಗೆದೆ. ಅಪ್ಪ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ, ಒಳಗೆ ಕಾಲಿಡುವುದಿಲ್ಲ. ಬೇರಿಂಗ್ ತಿರುಗಿಸಿದರೆ ಅಲ್ಲಿಂದಲೇ ಕೇಳಿಸಿಕೊಂಡು, "ಬಲಗಡೇದು ಹೋಗಿದೆ, ಬದಲಾಯ್ಸು" ಎನ್ನುತ್ತಾರೆ. ಕಣ್ಣಿಗಿಂತ ಕಿವಿ ಚುರುಕು ಅವರಿಗೆ. ಮೊದಲ ದಿನ ಪಾನಾ ಎತ್ತುವುದು, ಕೆಳಗಿಡುವುದು, ಇದೇ ಆಯಿತು. ನಾಲ್ಕನೇ ದಿನಕ್ಕೆ ಅದು ನಿಂತಿತು. ಕೆಳಗಿಡಲು ಪುರುಸೊತ್ತು ಇರಲಿಲ್ಲ.

ಐದನೇ ದಿನ ವೈಸ್ ಬಿಚ್ಚಲು ಹೋದೆ. ಆ ದಿನದ ಕಲ್ಲು ಇನ್ನೂ ಅದರಲ್ಲೇ ಇದೆ ಅಣ್ಣಾ. ಅರ್ಧ ಕೊಯ್ದ ಕಲ್ಲು, ಅದರ ಸೀಳಿನಲ್ಲಿ ಸಿಕ್ಕಿಕೊಂಡ ಬ್ಲೇಡು. ತುಕ್ಕು ತೊಳೆದು ನೋಡಿದರೆ ಹಿಡಿಯ ತಿರುಪು ಕಡೆಯ ಸುತ್ತಿನವರೆಗೂ ಒಳಗೆ ಹೋಗಿದೆ. ಸಡಿಲವಂತೆ! ಎಣ್ಣೆ ಬಿಟ್ಟು, ಹಿಡಿಗೆ ಪೈಪು ಸಿಕ್ಕಿಸಿ ಜೋತುಬಿದ್ದರೂ ಎರಡು ದಿನ ಜಗ್ಗಲಿಲ್ಲ. ಎಂಟು ವರ್ಷದ ಹುಡುಗಿಯೊಬ್ಬಳು ಅದನ್ನು ಸಡಿಲ ಮಾಡಿದ್ದಳು ಎಂದು ನೀನು ಹೇಳಿದೆ, ನಾನು ಹತ್ತು ವರ್ಷ ನಂಬಿದೆ.

ಆಮೇಲೆ ಬ್ಲೇಡ್ ತೆಗೆದೆ. ಅದು ಯಾವ ಕಡೆ ತಿರುಗಬೇಕೆಂದು ಮೈಮೇಲೆ ಬಾಣ ಇರುತ್ತದೆ. ನಮ್ಮದರಲ್ಲಿ ಬಾಣ ಉಲ್ಟಾ ಇತ್ತು. ಉಲ್ಟಾ ತಿರುಗುವ ಬ್ಲೇಡ್ ಕಲ್ಲನ್ನು ಕಚ್ಚುವುದಿಲ್ಲ, ಉಜ್ಜುತ್ತದೆ. ಕಲ್ಲು ಮುಂದೆ ಸರಿಯಲೆಂದು ವೈಸಿಗೆ ಹಗ್ಗದಲ್ಲಿ ಕಟ್ಟಿದ ತೂಕದ ಗುಂಡು ಮಾತ್ರ ಅದನ್ನು ಬ್ಲೇಡಿನತ್ತ ಎಳೆಯುತ್ತಲೇ ಇರುತ್ತದೆ. ಬ್ಲೇಡ್ ಸೊಟ್ಟಗಾಗಿ ಸಿಕ್ಕಿಕೊಳ್ಳದೆ ಇನ್ನೇನಾಗುತ್ತದೆ? ಬ್ಲೇಡ್ ಹಾಕಿದವರು ಮುಚ್ಚಳದ ಒಳಮೈ ಮೇಲೆ ಮೊಳೆಯಿಂದ ತಾರೀಖು ಕೆರೆದು ಸಹಿ ಹಾಕಬೇಕು, ಸಹಿ ಇದ್ದ ಮೇಲೆ ಇನ್ನೊಬ್ಬರು ಅದನ್ನು ಪರೀಕ್ಷೆ ಮಾಡಬಾರದು, ಇದು ಅಪ್ಪನ ರೂಲು. ಅಲ್ಲಿ ಇಪ್ಪತ್ತಾರು ಸಹಿ ಅಪ್ಪನದು. ಇಪ್ಪತ್ತೇಳನೆಯದು, ಅಪಘಾತದ ಹಿಂದಿನ ದಿನದ್ದು, ಬಾಲ ಸುತ್ತಿದ ದೊಡ್ಡ ಅಕ್ಷರದ್ದು, ನಿನ್ನದು. ಮೊದಲ ಸಲ ಒಬ್ಬನೇ ಬ್ಲೇಡ್ ಹಾಕಿದ್ದೆ, ಅಲ್ಲವಾ? ಅದರ ಮೇಲೆ ಅಡ್ಡಡ್ಡ ಗೀಚಿದ್ದೀಯ. ಮೊಳೆಯ ಗೀರನ್ನು ಮೊಳೆಯಿಂದ ಅಳಿಸಲು ಆಗುವುದಿಲ್ಲ ಅಣ್ಣಾ, ಇನ್ನೂ ಎದ್ದು ಕಾಣುತ್ತದೆ.

ತಪ್ಪಾಗಿದ್ದಕ್ಕೆ ನನಗೆ ಸಿಟ್ಟಿಲ್ಲ. ಹದಿನೇಳಕ್ಕೆ ಯಾರಿಗಾದರೂ ತಪ್ಪಾಗುತ್ತದೆ, ನನಗೆ ಹದಿನೆಂಟಕ್ಕೂ ದಿನಕ್ಕೆ ಹತ್ತು ಆಗುತ್ತವೆ. ಆದರೆ ನೀನು ಅಲ್ಲೇ ನಿಂತು ಬಾಣ ನೋಡಿ, ಸಹಿ ಗೀಚಿ, ತಂತಿ ಸುತ್ತಿ, ಕೈ ತೊಳೆದುಕೊಂಡು ಬಂದು ನನ್ನ ಕಡೆ ಬೆರಳು ತೋರಿಸಿದೆ. ನಾನು ರಜೆಗೆ ಬಂದಾಗಲೆಲ್ಲ ನೀನು ಚಾಕೊಲೇಟ್ ಕೊಟ್ಟೆ. ನಾನು ಅದನ್ನು ಪ್ರೀತಿ ಅಂದುಕೊಂಡು ಕಾಗದ ಕೂಡ ಬಿಸಾಡದೆ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡೆ. ಎಲ್ಲ ಈ ಕವರಿನಲ್ಲಿ ಹಾಕಿದ್ದೇನೆ, ಎಣಿಸಿಕೋ. ಅಮ್ಮನಿಗೆ ನಾನು ಹೇಳುವುದಿಲ್ಲ. ನಾನು ಹೇಳಿದರೆ ಅದು ಚಾಡಿಯಾಗುತ್ತದೆ. ನಿನ್ನ ಬಾಯಿಂದಲೇ ಬರಬೇಕು, ಅದೂ ಇಲ್ಲಿ, ಅಮ್ಮನ ಎದುರಿಗೆ ನಿಂತು.

ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ದೊಡ್ಡವನು ನೀನು, ಆಶೀರ್ವಾದ ಮಾಡಬೇಕಾದವನು. ಸದ್ಯಕ್ಕೆ ಅದು ನಿನ್ನ ಹತ್ತಿರವೇ ಇರಲಿ.

ಇಂತಿ,
ಚಡಪಡಿ

ಮತ್ತೆ: ಕವರ್ ಅಂಟಿಸುವಷ್ಟರಲ್ಲಿ ಅಪ್ಪ ಮೊದಲ ಸಲ ಒಳಗೆ ಬಂದರು, ಅದಕ್ಕೆ ಅವಸರದಲ್ಲಿ ಬರೆಯುತ್ತಿದ್ದೇನೆ. ಮೂರು ಬೆರಳಿನ ಕೈಯಲ್ಲಿ ಹಳೇ ಬ್ಲೇಡ್ ಸವರಿ ಹೇಳಿದರು: "ಕಲ್ಲು ಸಡಿಲಾದ್ರೆ ಟಕಟಕ ಅನ್ನುತ್ತೆ. ಅವತ್ತು ಉಲ್ಟಾ ಬ್ಲೇಡ್ ಉಜ್ಜೋ ಹಾಗೆ ಕಿರ್ ಅಂತಿತ್ತು. ನಂಗೆ ಆಸ್ಪತ್ರೆ ದಾರೀಲೇ ಗೊತ್ತಾಯ್ತು. ಅವನು ಹದಿನೇಳರ ಹುಡುಗ, ಹೇಳಿದ್ರೆ ಏನಾದ್ರೂ ಮಾಡ್ಕೊಂಡುಬಿಡ್ತಾನೆ ಅನ್ನಿಸ್ತು. ನೀನು ಮಗು, ಮರೀತೀಯ ಅಂದ್ಕೊಂಡೆ." ನಾನು ಮರೆಯಲಿಲ್ಲ ಎಂದೆ. ಅವರ ಜೊತೆ ನನ್ನ ಜಗಳ ಬೇರೆ ಇದೆ, ಅದನ್ನು ಇಲ್ಲೇ ಆಡುತ್ತೇನೆ. ನಿನಗೆ ಇಷ್ಟೇ: ಇನ್ನು ಅಪ್ಪನಿಂದ ಮುಚ್ಚಿಡುವಂಥದ್ದು ಏನೂ ಇಲ್ಲ, ಹೆದರಲು ನೆಪವೂ ಇಲ್ಲ. ಹೊಸ ಬ್ಲೇಡ್ ನಾನೇ ಹಾಕಿದೆ, ಬಾಣ ಮೂರು ಸಲ ನೋಡಿದೆ. ಅಪ್ಪ ಪರೀಕ್ಷೆ ಮಾಡಲಿಲ್ಲ. ಮುಚ್ಚಳದ ಒಳಗೆ ನನ್ನ ಸಹಿ ಇಪ್ಪತ್ತೊಂಬತ್ತನೆಯ ಸಾಲಿನಲ್ಲಿದೆ. ನಿನ್ನದಕ್ಕೂ ನನ್ನದಕ್ಕೂ ನಡುವೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಬಾ, ಏನಾಯಿತೆಂದು ಅಲ್ಲಿ ನೀನೇ ಕೆರೆ. ಮೊಳೆಗೆ ದಾರ ಕಟ್ಟಿ ಅಲ್ಲೇ ತೂಗುಹಾಕಿದ್ದೇನೆ.