ಕರಡು ಓದಲು ಇಬ್ಬರು

ಮೈಸೂರು,
೧೪ನೇ ನವೆಂಬರ್ ೧೯೨೮

ಚಿರಂಜೀವಿ ದೇವಸಹಾಯನಿಗೆ,

ಈ ಪತ್ರ ಬರೆಯುತ್ತಿರುವವಳು ನಿನ್ನ ತಾಯಿ ಲೂರ್ದಮ್ಮ. ಹೈಸ್ಕೂಲಿನವರೆಗೆ ಓದಿದವಳು, ನಿಮ್ಮಪ್ಪ ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ಈ ಅಚ್ಚುಕೂಟದ ಯಜಮಾನಿ. ಹೋದ ಪತ್ರದಲ್ಲಿ ನೀನು ನನಗೇ ಅಪ್ಪಣೆ ಕೊಟ್ಟ ಧಾಟಿ ನೋಡಿ ಇದನ್ನು ನೆನಪಿಸಬೇಕಾಯಿತು. ಇರಲಿ. ಕೆಮ್ಮು ಹೇಗಿದೆ? ಮದ್ರಾಸಿನ ನೀರು ಕಾಯಿಸಿ ಕುಡಿ.

ಇಂಗ್ಲಿಷ್ ಕೆಲಸ ಬಿಟ್ಟು ಕನ್ನಡದ ಮದುವೆ ಕಾಗದಗಳನ್ನಷ್ಟೇ ಅಚ್ಚು ಹಾಕಿ, ಗಂಡಸರು ಕೆಲಸ ಮಾಡುವ ಕಡೆ ನನ್ನ ಸೊಸೆ ಪೌಲಿನ್ ಕಾಲಿಡಕೂಡದು ಎಂದಿದ್ದೀಯೆ. ಕರಡು ತಿದ್ದಲು ಇಬ್ಬರು ಬೇಕು: ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದದ್ದನ್ನು ನೋಡಬೇಕು. ನೀನು ಹೋದ ಆರು ತಿಂಗಳಿಂದ ಎರಡೂ ನಾನೇ. ಓದುತ್ತೇನೆ, ತಲೆಯೆತ್ತುತ್ತೇನೆ, ಎದುರಿಗೆ ಗೋಡೆ. ಸಾಲಿನ ಕೊನೆಗೆ ಬಂದ ಉದ್ದದ ಪದ ಎಲ್ಲಿ ತುಂಡಾಗಬೇಕೆಂದು ಗೀಟು ಹಾಕುತ್ತಿದ್ದವನು ನೀನು. ಹೋದ ತಿಂಗಳು ಒಬ್ಬರು ಅಧಿಕಾರಿಗಳ ಇಂಗ್ಲಿಷ್ ಆಮಂತ್ರಣದಲ್ಲಿ ಅಂಥದೊಂದು ಪದ ನನ್ನ ಕಣ್ಣು ತಪ್ಪಿತು. ‘ಸೂಪರಿಂಟೆಂಡೆಂಟ್’ ಎಂಬಲ್ಲಿ ‘ಸೂಪರ್’ ಎಂದರೆ ಮೇಲೆ. ಅದನ್ನು ಇಡಿಯಾಗಿ ಉಳಿಸಬೇಕು. ಅಚ್ಚುಮೊಳೆ ಜೋಡಿಸುವ ಜವರಯ್ಯ ‘ಸೂಪ್’ ಎಂದು ಮೂರೇ ಇಂಗ್ಲಿಷ್ ಅಕ್ಷರ ಮೇಲಿಟ್ಟು ಮಿಕ್ಕಿದ್ದನ್ನು ಕೆಳಕ್ಕೆ ದೂಡಿದ್ದ. ಆ ಅಧಿಕಾರಿಗಳು ತಮ್ಮ ಹುದ್ದೆಯನ್ನೇ ತುಂಡು ಮಾಡಿದಿರೆಂದು ಆಮಂತ್ರಣಗಳನ್ನೆಲ್ಲ ವಾಪಸು ಕಳಿಸಿದರು. ಕೇಳಿದರೆ, “ಸಾಲು ತುಂಬೋಯ್ತು ಕಣ್ರವ್ವ, ಅಲ್ಲೇ ಕುಯ್ದ್ಬುಟ್ಟೆ. ಕಬ್ಬು ಎಲ್ಲಿ ಕುಯ್ದ್ರೂ ಸೀನೇ ಅಲ್ವ್ರಾ?” ಎಂದ. ಗಿಣ್ಣು ನೋಡಿ ಕುಯ್ಯಬೇಕು ಕಣಯ್ಯ, ಎಂದೆ.

ಮರುದಿನ ಒಬ್ಬಳೇ ಕೂತು ಚರ್ಚಿನ ಇಂಗ್ಲಿಷ್ ಪತ್ರಿಕೆಯ ಕರಡು ಓದುತ್ತಿದ್ದೆ. “ಕಾನ್, ಗ್ರೆ” ಎಂದು ಕನ್ನಡಕ ಒರೆಸಲು ನಿಂತೆ. ಅಡುಗೆಮನೆಯಿಂದ “ಗೇ, ಶನ್” ಎಂದು ಉತ್ತರ ಬಂತು, ‘ಕಾಂಗ್ರೆಗೇಶನ್’ ಪೂರ್ತಿಯಾಯಿತು. ನಿನ್ನ ಹೆಂಡತಿ. “ಅರ್ಧಕ್ಕೆ ನಿಲ್ಲಿಸಬೇಡಿ ಅತ್ತೆ, ನನಗೆ ಅನ್ನ ಬಸಿಯೋಕಾಗಲ್ಲ” ಅಂದಳು. ಅವಳು ಕಾನ್ವೆಂಟಿನಲ್ಲಿ ನಾಲ್ಕು ವರ್ಷ ಓದಿದವಳೆಂಬುದನ್ನು ನಾವಿಬ್ಬರೂ ಮರೆತಿದ್ದೆವು. ಇಪ್ಪತ್ತು ಪದ ಕೊಟ್ಟು ಗೀಟು ಹಾಕಿಸಿದೆ. ಒಂದೇ ತಪ್ಪು. ಶುರುವಿನಲ್ಲಿ ನೀನು ನಾಲ್ಕು ತಪ್ಪುತ್ತಿದ್ದೆ. ಅವಳಿಗೆ ಹೇಳಿಲ್ಲ.

ಭಾನುವಾರದ ಪೂಜೆ ತಪ್ಪಿಸಬೇಡ. ಮಾತೆಯ ಸೆರಗಿನ ನೆರಳು ನಿನ್ನ ಮೇಲಿರಲಿ.

ನಿನ್ನ ತಾಯಿ,
ಲೂರ್ದಮ್ಮ

ಮರೆತೆ, ಟಪಾಲು ಹೊರಡುವ ಹೊತ್ತಾಯಿತು. ಸೋಮವಾರದಿಂದ ಪೌಲಿನ್ ನನ್ನೆದುರು ಕೂತು ಕರಡು ಓದುತ್ತಿದ್ದಾಳೆ. ನಿನ್ನ ಕುರ್ಚಿಯಲ್ಲಿ ಕೂತರೆ ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಬಡಗಿಯನ್ನು ಕರೆಸಿ ಕುರ್ಚಿಯ ಕಾಲುಗಳನ್ನು ನಾಲ್ಕು ಬೆರಳಿನಷ್ಟು ಕೊಯ್ಸಿದ್ದೇನೆ. ನೀನು ಬಂದರೆ ನಿನಗೆ ಬೇರೆ ಕುರ್ಚಿ ಮಾಡಿಸೋಣ.