ತಡವಾದವರ ಕೋಣೆಯ ಚಿಲಕ

ಮಾನ್ಯ ಶಿಕ್ಷಣಾಧಿಕಾರಿಗಳೇ,

ತಮ್ಮ ಅಧೀನದ ನಮ್ಮೂರ ಶಾಲೆಯಲ್ಲಿ, ತಡವಾಗಿ ಬಂದ ಮಕ್ಕಳನ್ನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕುತ್ತಾರೆ. ಹೋದ ವಾರ ಆ ಕೋಣೆಯಲ್ಲಿ ಹೊಗೆ ತುಂಬಿಕೊಂಡಿತು. ಒಳಗೆ ನನ್ನ ಮಗಳಿದ್ದಳು. ಚಿಲಕ ಇವತ್ತಿಗೂ ಅಲ್ಲೇ ಇದೆ.

'ನಿಮ್ಮ ಜನಕ್ಕೆ ಸಮಯಪ್ರಜ್ಞೆ ಇಲ್ಲ' ಎಂದು ಪೋಷಕರ ಸಭೆಯಲ್ಲಿ ತಾವು ಅಪ್ಪಣೆ ಕೊಡಿಸಿದಿರಿ. ಆ ಸಭೆಗೆ ತಾವು ದಯಮಾಡಿಸುವಷ್ಟರಲ್ಲಿ ನಮ್ಮ ಮಡಿಲಲ್ಲಿದ್ದ ಮಕ್ಕಳು ನಿದ್ದೆ ಹೋಗಿದ್ದವು. ದೊಡ್ಡವರು ತಡಮಾಡಿದರೆ ಕಾರ್ಯಬಾಹುಳ್ಯ, ನಾವು ತಡಮಾಡಿದರೆ ಹುಟ್ಟುಗುಣವೇ? ನಾವು ಬೇರೆ ಸೀಮೆಯಿಂದ ಬಂದು ಇಲ್ಲಿ ನೆಲೆಸಿದವರು, ನಿಜ. ನಮ್ಮಲ್ಲಿ ಹಿರಿಯರು ಮಾತಾಡುವಾಗ ನಡುವೆ ಎದ್ದು ಹೋಗುವುದೆಂದರೆ ಮುಖಕ್ಕೆ ಹೊಡೆದಷ್ಟೇ ಅವಮಾನ. ನನ್ನ ಅತ್ತೆ ಪಾರ್ಶ್ವವಾಯು ಬಡಿದ ಮೇಲೆ ಒಂದು ಮಾತು ಪೂರೈಸಲು ಹೆಣಗಾಡುತ್ತಾರೆ. ಬೆಳಿಗ್ಗೆ ಮೊಮ್ಮಗಳು ಹೊರಟಾಗಲೇ ಅವರಿಗೆ ಏನಾದರೂ ಹೇಳಬೇಕೆನಿಸುತ್ತದೆ. ನಾನು ಹೊಲಿಗೆ ಯಂತ್ರದ ಮುಂದಿನಿಂದಲೇ ಕೂಗುತ್ತೇನೆ: "ಬೇಗ ಹೊರಡೇ, ಗಂಟೆ ಹೊಡೀತಾರೆ!" ಅವಳು ಅಲ್ಲಾಡುವುದಿಲ್ಲ. "ಇರಮ್ಮ, ಅಜ್ಜಿ ಇನ್ನೂ ಮುಗಿಸಿಲ್ಲ." ಗಡಿಯಾರದ ಮೇಲೆ ನನಗೇನೂ ಹಗೆಯಿಲ್ಲ, ಮದುವೆ ಬಟ್ಟೆಯನ್ನು ಮದುವೆಯ ಮರುದಿನ ಹೊಲಿದುಕೊಟ್ಟರೆ ಯಾರು ತಾನೇ ತೆಗೆದುಕೊಳ್ಳುತ್ತಾರೆ? ಆದರೂ ಅಜ್ಜಿಯ ಮಾತನ್ನು ಅರ್ಧಕ್ಕೆ ಬಿಟ್ಟು ಓಡು ಎಂದು ಗದರಲು ನನಗೆ ಮನಸ್ಸು ಬರಲಿಲ್ಲ.

ಆ ದಿನವೂ ಹಾಗೆಯೇ ತಡವಾಯಿತು. ಟೀಚರ್ ಅವಳನ್ನು ಮುರಿದ ಬೆಂಚುಗಳ ನಡುವೆ ಕೂರಿಸಿ, "ನಾನು ಬರೋತನಕ ಸುಮ್ನೆ ಕೂತಿರು" ಎಂದು ಚಿಲಕ ಹಾಕಿ ಹೋದರು. ಪಾಠದ ಗಡಿಬಿಡಿಯಲ್ಲಿ ಮರೆತೇಬಿಟ್ಟರು. ಗೋಡೆಯ ಹಳೆಯ ಸ್ವಿಚ್‌ಬೋರ್ಡಿನಲ್ಲಿ ವೈರು ಸುಡತೊಡಗಿತು. ಮಗಳು ಕೂಗಲಿಲ್ಲ, ಬಾಗಿಲು ಬಡಿಯಲಿಲ್ಲ. ಕುರ್ಚಿ ಹುಡುಕಿಕೊಂಡು ಬಂದ ಆಯಾ ಬಾಗಿಲು ತೆಗೆದಾಗ, ಫ್ರಾಕಿನ ಅಂಚನ್ನು ಮೂಗಿಗೆ ಒತ್ತಿಕೊಂಡು ಕೂತಿದ್ದಳಂತೆ.

"ಯಾಕೇ ಕೂಗ್ಲಿಲ್ಲ?" ಎಂದು ನಾನು ಅವಳ ಭುಜ ಹಿಡಿದು ಅಲುಗಾಡಿಸಿದೆ.

"ಟೀಚರ್ ಇನ್ನೂ ಬಂದಿರ್ಲಿಲ್ವಲ್ಲಮ್ಮ."

ದೂರು ಕೊಟ್ಟಾಗ ತಮ್ಮ ಕಚೇರಿಯಿಂದ ಬಂದ ಉತ್ತರ: 'ವಿದ್ಯಾರ್ಥಿನಿಯ ಸಂಯಮ ಶ್ಲಾಘನೀಯ. ಸಮಯಕ್ಕೆ ಸರಿಯಾಗಿ ಬಂದಿದ್ದರೆ ಘಟನೆಯೇ ನಡೆಯುತ್ತಿರಲಿಲ್ಲ.' ಎಂಥ ಮಾತು ಸ್ವಾಮಿ! ಅಜ್ಜಿಗಾಗಿ ಕಾದಳೆಂದು ಕೂಡಿಹಾಕಿದಿರಿ, ಹೊಗೆಯಲ್ಲಿ ಕಾದಳೆಂದು ಬೆನ್ನು ತಟ್ಟಿದಿರಿ. ಆಯಾಗೆ ಅವತ್ತು ಕುರ್ಚಿ ಬೇಕಾಗಿರದಿದ್ದರೆ ಯಾರ ಬೆನ್ನು ತಟ್ಟುತ್ತಿದ್ದಿರಿ? ಶಾಲೆಯವರು ಸುಟ್ಟ ವೈರಿನ ಮೇಲೆ ಟೇಪು ಸುತ್ತಿ ಕೈತೊಳೆದುಕೊಂಡಿದ್ದಾರೆ. ನಿನ್ನೆ ಹೋಗಿ ಮುಟ್ಟಿ ನೋಡಿದೆ, ಗೋಡೆ ಬೆಚ್ಚಗಿತ್ತು. ಒಳಗೆ ನಮ್ಮ ಬೀದಿಯ ಇಬ್ಬರು ಪುಟಾಣಿಗಳು ಸದ್ದಿಲ್ಲದೆ ಕೂತಿದ್ದರು. ನಾನು ಚಿಲಕ ತೆಗೆದು ಬನ್ನಿ ಎಂದರೂ ಏಳಲಿಲ್ಲ. ನನಗೆ ಭಯವಾಗುತ್ತಿದೆ. ಮಗಳನ್ನು ಮನೆಯಲ್ಲೇ ಇಟ್ಟುಕೋ ಎನ್ನುತ್ತೀರೇನೋ. ಈ ಸುತ್ತಮುತ್ತ ಇರುವುದು ಅದೊಂದೇ ಶಾಲೆ.

ನಾಳೆ ಮೊದಲ ಗಂಟೆ ಹೊಡೆಯುವ ಮುಂಚೆ ಆ ಚಿಲಕ ಕೀಳಿಸಿ, ಕೋಣೆಗೆ ಮಕ್ಕಳು ಕಾಲಿಡದಂತೆ ಮಾಡಿ. 'ಪರಿಶೀಲಿಸಿ ಸೂಕ್ತ ಕ್ರಮ ಜರುಗಿಸಲಾಗುವುದು' ಎಂಬ ಕಾಗದ ನನಗೆ ಬೇಡ. ಬೆಂಕಿ ನಮ್ಮವರ ಹಾಗಲ್ಲ, ಯಾರ ಮಾತು ಮುಗಿಯಲೆಂದೂ ಕಾಯುವುದಿಲ್ಲ.

ಈಗ ಮಗಳಿಗೆ ಕಿರುಚುವುದನ್ನು ಕಲಿಸುತ್ತಿದ್ದೇನೆ. ನಿನ್ನೆ ಸಂಜೆ ಅವಳನ್ನು ನಮ್ಮ ಮನೆಯ ಕೋಣೆಯೊಳಗೆ ಬಿಟ್ಟು ಬಾಗಿಲು ಮುಂದಕ್ಕೆ ಎಳೆದುಕೊಂಡು, "ಹೊಗೆ ಬಂತು ಅಂದ್ಕೋ! ಒದಿ, ಕೂಗು!" ಎಂದೆ. ಬೆರಳಿನಿಂದ ಮೆಲ್ಲಗೆ ತಟ್ಟಿದ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಬಾಗಿಲು ತೆಗೆದರೆ ಅಲ್ಲೇ ನಿಂತಿದ್ದಳು. "ನೀನು ಬಾ ಅಂತೀಯೇನೋ ಅಂತ ಕಾಯ್ತಿದ್ದೆ ಕಣಮ್ಮ" ಎಂದಳು.

ಇಂತಿ,
ಕಾಯುವುದನ್ನು ಮಗಳಿಗೆ ಚೆನ್ನಾಗಿಯೇ ಕಲಿಸಿಬಿಟ್ಟ ತಾಯಿ