ಅಮಾವಾಸ್ಯೆಯ ದಿನ ಘಾಟು ಇರಲಿಲ್ಲ

ಬ್ಯಾಡಗಿ
೨ ಮಾರ್ಚ್ ೨೦೦೫, ಬುಧವಾರ

ಪ್ರೀತಿಯ ಶೈಲಾ,

ಗುತ್ತಲದಲ್ಲಿ ಅವ್ವನ ಕೈರೊಟ್ಟಿ ತಿಂದು ಮೈಗೆ ಸ್ವಲ್ಪ ಬಲ ಬಂದಿದೆಯೋ, ಅಲ್ಲೂ ತಾಟಿನ ಮುಂದೆ ಸುಮ್ಮನೆ ಕೂರುತ್ತೀಯೋ? ನಾನು ಫೋನ್ ಮಾಡಿದಾಗಲೆಲ್ಲ ನಿಮ್ಮ ಅವ್ವ "ಮಕ್ಕೊಂಡಾಳ್ರಿ" ಎನ್ನುತ್ತಾರೆ. ಕುಂಭಕರ್ಣನೂ ನಡುವೆ ಒಮ್ಮೆ ಏಳುತ್ತಿದ್ದನಮ್ಮಾ! ಅದಕ್ಕೇ ಈ ಕಾಗದ. ಓದದಿದ್ದರೂ ತಲೆದಿಂಬಿನ ಹತ್ತಿರವಾದರೂ ಇರುತ್ತದೆ.

ಕೆಲಸ ಬಿಡುತ್ತೇನೆಂದು ನೀನು ಹೆಡ್‌ಮಾಸ್ತರ್ ಕರಬಸಪ್ಪನವರಿಗೆ ಹೇಳಿ ಹೋದದ್ದು ಗೊತ್ತಾಯಿತು. ಹದಿನಾಲ್ಕನೇ ತಾರೀಖು ಸೋಮವಾರ ನಿನ್ನ ರಜೆ ಮುಗಿಯುತ್ತದೆ. ಅವತ್ತು ಬರುತ್ತೀಯೋ ಇಲ್ಲವೋ ಎಂಬುದೊಂದೇ ನನ್ನ ತಲೆ ತಿನ್ನುತ್ತಿದೆ.

ಜನವರಿಯಲ್ಲಿ ಬಿಸಿಯೂಟದ ಸಾರಿನಲ್ಲಿ ಹಲ್ಲಿ ಬಿದ್ದು ಮಕ್ಕಳು ವಾಂತಿ ಮಾಡಿಕೊಂಡವು. ಸಂಜೆಗೆಲ್ಲ ಗೋಲಿ ಆಡುತ್ತಿದ್ದವು ಬಿಡು. ಆದರೆ ಉಸ್ತುವಾರಿ ನಿನ್ನದಾಗಿತ್ತು. ಗೇಟಿನ ಹತ್ತಿರ ಸೇರಿದ ಜನ "ನಮ್ಮ ಹುಡುಗೂರನ್ನ ಕೊಲ್ಲಾಕ ಕುಂತೀರೇನ್ರಿ?" ಎಂದು ಕೂಗಿದ್ದು ನಿನ್ನನ್ನು ನೋಡಿಕೊಂಡು. ನಾವೆಲ್ಲ ನಿನ್ನ ಹಿಂದೆ ನಿಂತಿದ್ದೆವು. ಪಕ್ಕದಲ್ಲಿ ಒಬ್ಬರೂ ನಿಲ್ಲಲಿಲ್ಲ.

ಆಮೇಲೆ ನೀನು ದಿನಾ ಒಲೆಯ ಮುಂದೆಯೇ ನಿಂತೆ. ಊಟ ಬಿಟ್ಟೆ. ಪಾಠ ಮಾಡುತ್ತ ಮಾಡುತ್ತ ಬೋರ್ಡಿನ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ. ನಾವು ನೋಡಲಿಲ್ಲವೆಂದಲ್ಲ, ನೋಡಿದೆವು. ಆದರೆ ಮೆಣಸಿನಕಾಯಿ ಸುಗ್ಗಿಯಲ್ಲಿ ಈ ಊರಲ್ಲಿ ಕಣ್ಣೊರೆಸಿಕೊಳ್ಳದವರು ಯಾರಿದ್ದಾರೆ? ಘಾಟು ಅಂದುಕೊಂಡೆವು. ಹೆಡ್‌ಮಾಸ್ತರರು ಪಾಪ, ಮಾರ್ಕೆಟ್ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿಸಿದರು. ನಾನೋ ಒದ್ದೆ ಕರ್ಚೀಫು ತಂದು ಕೊಟ್ಟೆ. ಎಂಥ ಜಾಣರು ನಾವು!

ಕಳೆದ ಅಮಾವಾಸ್ಯೆಯ ದಿನ ಮಾರ್ಕೆಟ್ ಬಂದ್ ಇತ್ತು. ಚೀಲ ಬಿಚ್ಚುವವರಿಲ್ಲ, ಕೆಮ್ಮುವವರಿಲ್ಲ, ಊರಿಗೆ ಊರೇ ತಣ್ಣಗಿತ್ತು. ನಿನ್ನ ಕಣ್ಣು ಮಾತ್ರ ಧಾರಾಕಾರ. ಇದು ಘಾಟಲ್ಲವೆಂದು ನನಗೆ ಆಗ ಹೊಳೆಯಿತು. ಮಧ್ಯಾಹ್ನ ಕೇಳೋಣವೆಂದು ಸ್ಟಾಫ್ ರೂಮಿಗೆ ಬಂದರೆ ಪಿ.ಟಿ. ಮಾಸ್ತರ್ ಶಂಭುಲಿಂಗ ಬಾಯಿ ಬಿಟ್ಟಿದ್ದ: "ಶೈಲಾ ಅಕ್ಕಾರಿಗೆ ಧಾರವಾಡದ ಟಿಕೀಟ ತಗಸೂದ ಪಾಡ ಐತಿ." ನಮ್ಮ ಕಡೆ ಧಾರವಾಡವೆಂದರೆ ಹುಚ್ಚರ ಆಸ್ಪತ್ರೆಯೇ ಅಲ್ಲವೇ? ಎಲ್ಲರೂ ನಕ್ಕರು. ನೀನು ಬಾಗಿಲಲ್ಲಿ ನಿಂತಿದ್ದೆ.

ನೀನು ಹೋದ ಮೇಲಿನ ಶನಿವಾರ ಹೆಡ್‌ಮಾಸ್ತರರು ಎಲ್ಲರನ್ನೂ ಕೂರಿಸಿದರು. ಮಂಡಕ್ಕಿ ಮಿರ್ಚಿ ತರಿಸಿದ್ದರಿಂದ ಸರ್ಕ್ಯುಲರ್ ಓದುವುದಿಲ್ಲವೆಂದು ಧೈರ್ಯ ಬಂತು. ಬಹಳ ಹೊತ್ತು ಮೀಸೆ ತಿರುವಿ, "ಇನ್‌ಸ್ಪೆಕ್ಷನ್ ಅಂದ್ರ ನನಗ ನಾಕ ದಿನ ಮೊದಲ ಹೊಟ್ಟಿ ಕೆಡತೈತಿ. ಮನ್ಯಾಗೂ ಹೇಳಿಲ್ಲ. ಇನ್ನ ಮ್ಯಾಲೆ ಇಲ್ಲಿ ಹೇಳತೇನಿ, ನೀವೂ ಹೇಳ್ರಿ" ಎಂದರು. ಮೊದಲು ನಕ್ಕೆವು. ಆಮೇಲೆ ಒಬ್ಬೊಬ್ಬರೂ ಬಾಯಿ ಬಿಟ್ಟರು. ಅಡುಗೆಯ ಪ್ರೇಮವ್ವ, ಹಲ್ಲಿ ಬಿದ್ದ ದಿನದಿಂದ ಮುಚ್ಚಿದ ಪಾತ್ರೆಯನ್ನು ಹತ್ತು ಸಲ ತೆರೆದು ನೋಡುತ್ತೇನೆ ಎಂದಳು. ಅವಳನ್ನೂ ಯಾರೂ ಕೇಳಿರಲಿಲ್ಲ.

ಈಗ ಉಸ್ತುವಾರಿ ವಾರಕ್ಕೊಬ್ಬರದು. ಪಾಲಕರು ಜಗಳಕ್ಕೆ ಬಂದರೆ ಮುಂದೆ ನಿಲ್ಲುವುದು ಹೆಡ್‌ಮಾಸ್ತರರು. ಮೊದಲ ವಾರ ಕೇಳಿ ತೆಗೆದುಕೊಂಡವನು ಶಂಭುಲಿಂಗ. "ನನ್ನ ನಾಲಿಗಿಗೆ ಲಗಾಮ ಇಲ್ರಿ, ಗುತ್ತಲಕ್ಕ ಹೋಗಿ ತಪ್ಪಾತು ಅಂತೇನಿ" ಎಂದು ಹೊರಟಿದ್ದ. ನಾನೇ ತಡೆದೆ. ಶೈಲಾ ಒಪ್ಪಿದರೆ ಹೋಗು ಎಂದಿದ್ದೇನೆ. ನೀನು ಕ್ಷಮಿಸಲೇಬೇಕೆಂದೇನೂ ಇಲ್ಲ.

ಆದರೆ ಶೈಲಾ, ನಾವು ಮಂಡಕ್ಕಿ ತಿಂದು ಮಾತಾಡಿದರೆ ನಿನ್ನ ಕಣ್ಣೀರು ನಿಲ್ಲುತ್ತದೆಂದು ನಾನು ನಂಬಿಲ್ಲ. ಧಾರವಾಡದಲ್ಲಿ ಒಬ್ಬ ಲೇಡಿ ಡಾಕ್ಟರ್ ಇದ್ದಾರೆ, ಮನಸ್ಸಿನ ಡಾಕ್ಟರು. ಬಹಳ ಸಮಾಧಾನದಿಂದ ಕೇಳುತ್ತಾರಂತೆ. ನಾನು ಹೇಗೂ ತಿಂಗಳಿಗೊಂದು ಶನಿವಾರ ಅಲ್ಲಿ ದೊಡ್ಡಮ್ಮನ ಮಗಳ ಮನೆಗೆ ಹೋಗುತ್ತೇನಲ್ಲ, ಹನ್ನೆರಡನೇ ತಾರೀಖು ನೀನೂ ಬಾ. ಗುತ್ತಲದ ಬಸ್ಸಿಗೆ ಹಾವೇರಿಗೆ ಬಂದುಬಿಡು, ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಕೆಲಸ ಬಿಡುವುದೋ ಇಟ್ಟುಕೊಳ್ಳುವುದೋ, ಅವರನ್ನು ಕಂಡ ಮೇಲೆ ನಿರ್ಧರಿಸು. ಬಿಟ್ಟರೂ ನೀನು ನನ್ನ ತಂಗಿಯೇ.

ನಿನ್ನ ಅಕ್ಕ,
ಪುಷ್ಪಲತಾ

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿದೆ. ಧಾರವಾಡದಲ್ಲಿ ನನಗೆ ದೊಡ್ಡಮ್ಮನ ಮಗಳೂ ಇಲ್ಲ, ಚಿಕ್ಕಮ್ಮನ ಮಗಳೂ ಇಲ್ಲ. ಎರಡು ವರ್ಷದಿಂದ ನಾನು ಹೋಗುತ್ತಿರುವುದು ಆ ಡಾಕ್ಟರ ಹತ್ತಿರವೇ. ಗುಳಿಗೆಗಳನ್ನು ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗುತ್ತೇನೆ. ಆ ಶನಿವಾರ ಎಲ್ಲರೂ ಹೇಳಿಕೊಂಡಾಗಲೂ ನಾನೊಬ್ಬಳು ಮಿರ್ಚಿ ತಿನ್ನುತ್ತ ಸುಮ್ಮನಿದ್ದೆ. ಈಗ ನಿನಗೊಬ್ಬಳಿಗೆ ಗೊತ್ತಾಯಿತು. ಬಾರೇ, ನನಗೂ ಒಬ್ಬಳೇ ಹೋಗಿ ಹೋಗಿ ಸಾಕಾಗಿದೆ.